ತಿರುಗುವ ಪಿಟೀಲಿಗೆ ಎಣ್ಣೆ ಬಿಟ್ಟವನು

ವಾದ್ಯ ರಿಪೇರಿ ಕಲಿಯುತ್ತೇನೆಂದು ಯಾರಾದರೂ ನನ್ನ ಹತ್ತಿರ ಬಂದರೆ ಅವರ ಕಿವಿ ಹೇಗಿದೆ ಎಂದು ನಾನು ಕೇಳುವುದಿಲ್ಲ. ಮೂಗು ಹೇಗಿದೆ ಎಂದು ಕೇಳುತ್ತೇನೆ. ಸ್ವರ ತಪ್ಪಿದ್ದು ಕಿವಿಗೆ ಗೊತ್ತಾಗುವ ಮುಂಚೆ ಇಲಿ ಸತ್ತದ್ದು ಮೂಗಿಗೆ ಗೊತ್ತಾಗುತ್ತದೆ. ಹಾರ್ಮೋನಿಯಂ ಎಂಬುದು ಹೊರಗಿನಿಂದ ಸಂಗೀತದ ಪೆಟ್ಟಿಗೆ, ಒಳಗಿನಿಂದ ಇಲಿಗಳ ಛತ್ರ. ಹೊಸಪೇಟೆಯ ವಾದ್ಯದಂಗಡಿಯೊಂದರಲ್ಲಿ ಮೂವತ್ತೊಂಬತ್ತು ವರ್ಷ ಕೆಲಸ ಮಾಡಿದ ಮೇಲೆ ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಈಗ ಈ ಕೆಲಸಕ್ಕೆ ಬರುವವರು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಬರುತ್ತಾರೆ. ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ವಿಡಿಯೋದಲ್ಲಿ ಯಾವ ಮೇಸ್ತ್ರಿಯೂ ಕೆಡಿಸಿ ತೋರಿಸುವುದಿಲ್ಲ. ಕೆಡಿಸಿದ್ದನ್ನು ಬರೆದಿಡುವ ಪುಣ್ಯದ ಕೆಲಸ ನನ್ನಂಥ ನಿವೃತ್ತರ ಪಾಲಿಗೆ ಬಂದಿದೆ. ಸರಕು ನನ್ನಲ್ಲಿ ಧಾರಾಳವಾಗಿದೆ.

ನಮ್ಮ ಅಂಗಡಿಯ ಮಾಲೀಕರು ಪಂಪಣ್ಣ ಸಾವ್ಕಾರ್ರು. ಅವರಿಗೆ ಸಂಗೀತ ಬರುತ್ತಿರಲಿಲ್ಲ. ಅದು ಅವರ ವ್ಯಾಪಾರಕ್ಕೆ ಎಂದೂ ಅಡ್ಡಿಯಾಗಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು ಮಂತ್ರೋಪದೇಶ ಮಾಡಿದರು: "ನೋಡಲೇ ಹುಲುಗಪ್ಪ, ತಿರಗೋದಕ್ಕ ಎಣ್ಣಿ, ಅಲಗೋದಕ್ಕ ಅಂಟು. ಇಷ್ಟ ನಮ್ಮ ವಿದ್ಯಾ. ಉಳಿದಿದ್ದೆಲ್ಲಾ ಗಿರಾಕಿ ಮುಂದ ಮುಖಾ ಗಂಭೀರ ಇಟ್ಕೊಳ್ಳೋದು." ನಾನು ಅದನ್ನು ವೇದವಾಕ್ಯ ಎಂದುಕೊಂಡೆ. ಮುಖ ಗಂಭೀರ ಇಟ್ಟುಕೊಳ್ಳುವುದು ಮೊದಲ ವಾರದಲ್ಲೇ ಬಂತು.

ಕೆಲವು ವಿದ್ಯೆ ತಾನಾಗಿಯೂ ಬಂತು. ಪೆಟ್ಟಿಗೆ ಬಿಚ್ಚಿದೊಡನೆ ಅದು ಯಾವ ಊರಿನದೆಂದು ಹೇಳಬಲ್ಲವನಾದೆ. ಸಂಡೂರಿನ ಹಾರ್ಮೋನಿಯಂ ಆದರೆ ಒಳಗೆಲ್ಲ ಅದಿರಿನ ಕೆಂಪು ಧೂಳು. ಒರೆಸಿದ ಬಟ್ಟೆ ಹೋಳಿ ಆಡಿ ಬಂದಂತಿರುತ್ತಿತ್ತು. ಕಂಪ್ಲಿಯದಾದರೆ ಅಕ್ಕಿ ಗಿರಣಿಯ ತೌಡು. ಹಂಪಿಯದಾದರೆ ಕರ್ಪೂರದ ಮಸಿ, ಜೊತೆಗೆ ಬಾವಲಿಯ ವಾಸನೆ. "ಸಂಡೂರಿನವ್ರಲ್ರೀ ನೀವು?" ಎಂದು ಕೇಳಿದರೆ ಗಿರಾಕಿ ದಂಗಾಗಿ ನನ್ನನ್ನು ದೊಡ್ಡ ವಿದ್ವಾಂಸನೆಂದು ತಿಳಿಯುತ್ತಿದ್ದ. ನಾನೂ ಹಾಗೆಯೇ ತಿಳಿಯತೊಡಗಿದ್ದು ಮುಂದಿನ ಅನಾಹುತಗಳಿಗೆ ಮೂಲ.

ಮೊದಲ ಅನಾಹುತ ಸೇರಿದ ವರ್ಷವೇ ಆಯಿತು. ಕಂಪ್ಲಿಯ ಸಂಗೀತದ ಮೇಷ್ಟ್ರೊಬ್ಬರು ತಂಬೂರಿಯ ಬಿರುಕು ಮುಚ್ಚಿಸಲು ತಂದಿದ್ದರು. ತಂಬೂರಿಯಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಪಟ್ಟಿಗೆ ಕುದುರೆ ಎನ್ನುತ್ತಾರೆ. ಆ ಕುದುರೆಯ ಮೇಲೆ ಪ್ರತಿ ತಂತಿಯ ಕೆಳಗೂ ಒಂದೊಂದು ಸಣ್ಣ ನೂಲಿನ ಎಳೆ ಸಿಕ್ಕಿಕೊಂಡಿತ್ತು. ನಾನು ಬಿರುಕು ಮುಚ್ಚಿದೆ, ಮೈಯೆಲ್ಲ ಫಳಫಳ ಒರೆಸಿದೆ, ನೂಲನ್ನು ಕಸವೆಂದು ಕಿತ್ತೆಸೆದೆ. ಮೇಷ್ಟ್ರು ಬಂದು ಮೀಟಿದರು. ಜುಂಯ್ ಎಂದು ತುಂಬಿಕೊಳ್ಳಬೇಕಾದ ತಂಬೂರಿ ಕೊಡಪಾನಕ್ಕೆ ಹೊಡೆದಂತೆ ಟಣ್ ಎಂದಿತು.

"ಲೇ ಹುಲುಗ್ಯಾ, ಅದು ಜೀವಾಳಲೇ! ಜೀವಾ ತಗದು ಹೆಣಾ ಕೊಡಾಕತ್ತೀಯಲ್ಲೋ!" ಎಂದು ಮೇಷ್ಟ್ರು ಬೀದಿಗೆ ಕೇಳುವಂತೆ ಕೂಗಿದರು. ಆ ನೂಲಿನ ಹೆಸರೇ ಜೀವಾಳ. ತಂತಿ ಝೇಂಕರಿಸುವುದು ಅದರಿಂದಲೇ. ನಾನು ಹೊಸ ನೂಲು ಸಿಕ್ಕಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ಮಧ್ಯಾಹ್ನದ ತನಕ ಒದ್ದಾಡಿದೆ. ಇನ್ನು ಜನ್ಮದಲ್ಲಿ ವಾದ್ಯದ ಮೇಲಿನ ನೂಲು ಮುಟ್ಟುವುದಿಲ್ಲ ಎಂದು ಆಣೆ ಮಾಡಿದೆ. ಎಡವಿದ ಬೆರಳೇ ಎಡವುವುದು ಎಂಬ ಗಾದೆ ಆಗ ನೆನಪಿಗೆ ಬರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಚರ್ಮ ಕುದಿಸಿ ಅಂಟು ಮಾಡುತ್ತಿದ್ದವರು ಡಬ್ಬಿ ಅಂಟಿಗೆ ಬಂದೆವು. ಅಂಗಡಿಯ ನಾತ ಹೋಯಿತು, ಕೂಡಿಸಿದ್ದನ್ನು ಮತ್ತೆ ಬಿಚ್ಚುವ ಅವಕಾಶವೂ ಹೋಯಿತು. ತಂಬೂರಿ ಜಾಗಕ್ಕೆ ಕರೆಂಟಿನ ಶ್ರುತಿಪೆಟ್ಟಿಗೆ ಬಂತು. ಅದಕ್ಕೆ ಜೀವಾಳವೂ ಇಲ್ಲ, ಇಲಿಯೂ ಇಲ್ಲ. ಬೋರ್ಡು ಸುಟ್ಟರೆ ಬೋರ್ಡು ಬದಲಿಸು, ಅಷ್ಟೇ. ಮುಖ ಗಂಭೀರ ಇಟ್ಟುಕೊಳ್ಳುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ. ಇನ್ನು ನನಗೆ ಕೆಡಿಸಲು ಏನೂ ಉಳಿದಿಲ್ಲ ಎಂದುಕೊಂಡಿದ್ದಾಗ, ಕೆಲಸ ಬಿಡಲು ಎರಡು ವರ್ಷ ಇರುವಾಗ, ಆಟೋ ಖಾಜಾ ಆ ಪೆಟ್ಟಿಗೆಯನ್ನು ತಂದ.

ಕಾರ್ತಿಕ ಮಾಸ, ಭಾನುವಾರ. ಅಂಗಡಿಯಲ್ಲಿ ಗಾದಿಗನೂರಿನ ಬಸನಗೌಡ್ರು ನನ್ನನ್ನು ಬೈಯುತ್ತ ಕೂತಿದ್ದರು. ಅವರು ಆ ಊರಿನ ಭಜನಾ ಮಂಡಳಿಯ ಯಜಮಾನರು. ಅವರ ಹಾರ್ಮೋನಿಯಂ ನಾಲ್ಕು ತಿಂಗಳಿಂದ ನನ್ನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು, ಮರುದಿನವೇ ಅವರ ಮಠದಲ್ಲಿ ಕಾರ್ತಿಕ ಸೋಮವಾರದ ಭಜನೆ ಇತ್ತು. ಬೈಗುಳ ನ್ಯಾಯವಾದದ್ದೇ. ಅಷ್ಟರಲ್ಲಿ ಆಟೋ ನಿಂತಿತು. ನಮ್ಮ ಚಿತ್ತವಾಡ್ಗಿಯವನೇ ಆದ ಖಾಜಾ ಇಳಿದ. ಹಿಂದೆ ಮಗುವಿನಂತೆ ಪೆಟ್ಟಿಗೆ ಅವಚಿಕೊಂಡು, ಬಿಸಿಲಿಗೆ ಟೊಮೆಟೊ ಆಗಿದ್ದ ಒಬ್ಬ ಫ್ರಾನ್ಸ್ ದೇಶದ ಹೆಂಗಸು.

"ಮೇಸ್ತ್ರಿ, ಈ ಅಮ್ಮಾರನ್ನ ಹಂಪಿ ಬಜಾರದಿಂದ ಕರ್ಕೊಂಡು ಬಂದೀನ್ರಿ. ಮುಂಜಾನಿಂದ ಊರೆಲ್ಲಾ ತಿರುಗಿಸೀನಿ. ಇನ್ನ ನೀವ ಗತಿ," ಎಂದ ಖಾಜಾ.

"ಊರೆಲ್ಲಾ ಯಾಕ ತಿರುಗಿಸಿದ್ಯೋ?"

"ನನ್ನ ತಪ್ಪೇನ್ರಿ? ಹರ್ಡಿ ಗರ್ಡಿ, ಹರ್ಡಿ ಗರ್ಡಿ ಅಂದ್ರು. ಗರಡಿ ಅಂದ್ಕೊಂಡ್ನಿ. ಸೀದಾ ಗರಡಿಮನಿಗೆ ಒಯ್ದೆ."

ಗರಡಿಮನೆಯ ಪೈಲ್ವಾನರು ಬಹಳ ಮರ್ಯಾದೆಯಿಂದ ಪೆಟ್ಟಿಗೆ ಎತ್ತಿ ನೋಡಿ, ತೂಕ ಸಾಲದು ಎಂದರಂತೆ. ಆಗ ಈಕೆ ಕೈಸನ್ನೆ ಮಾಡಿ, "ಡಾಗ್ ನಾಟ್ ಬಾರ್ಕಿಂಗ್" ಎಂದಳಂತೆ. ನಾಯಿ ಬೊಗಳುತ್ತಿಲ್ಲ ಎಂದರೆ ಏನು ಮಾಡಬೇಕು? ಖಾಜಾ ದನದ ದವಾಖಾನೆಗೆ ಹೊಡೆದ. ಅಲ್ಲಿ ಪೆಟ್ಟಿಗೆ ತೆರೆದು ಹಿಡಿಕೆ ನೋಡಿ, "ಬಾಲ ಒಂದ ಕಾಣ್ತೈತಿ, ನಾಯಿ ಎಲ್ಲೈತಿ?" ಎಂದು ಕೇಳಿದರಂತೆ. ಇಷ್ಟೆಲ್ಲ ಆದ ಮೇಲೂ ಆಕೆ ನಗುತ್ತಲೇ ಇದ್ದಳು. ನಾನಾಗಿದ್ದರೆ ರಾಯಭಾರ ಕಚೇರಿಗೆ ಫೋನು ಮಾಡುತ್ತಿದ್ದೆ.

ನಾನು ವಾದ್ಯಕ್ಕೆ ಕಟ್ಟುವ ಚೀಟಿ ತೆಗೆದುಕೊಂಡು, "ಹೆಸರೇನ್ರಿ ಅಮ್ಮಾ?" ಎಂದೆ.

"ಓದೀಲ್."

"ಓದಿಲ್ಲಂದ್ರ ಏನಾತ್ರಿ, ನಾನೂ ಏಳನೇ ಕ್ಲಾಸ್ ಫೇಲು. ಹೆಸರು ಹೇಳ್ರಿ."

"ಓದೀಲ್," ಎಂದಳು ಇನ್ನೂ ಸ್ಪಷ್ಟವಾಗಿ.

"ಮತ್ತ ಮತ್ತ ಯಾಕ ಕೇಳ್ತೀರಿ ಮೇಸ್ತ್ರಿ," ಎಂದು ಖಾಜಾ ನನ್ನ ಕಿವಿಯಲ್ಲಿ ಹೇಳಿದ. "ಪಾಪ, ನಾಚಿಕಿ ಆಗಾಕತ್ತೈತಿ ಅವರಿಗೆ."

ಅದು ನಿಜಕ್ಕೂ ಆಕೆಯ ಹೆಸರು ಎಂದು ತಿಳಿಯಲು ಪಾಸ್‌ಪೋರ್ಟೇ ತೆರೆಯಬೇಕಾಯಿತು.

ಪೆಟ್ಟಿಗೆಯೊಳಗಿದ್ದದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಹರ್ಡಿ ಗರ್ಡಿ ಎಂಬುದು ಅದರ ಹೆಸರು; ದಪ್ಪ ಹೊಟ್ಟೆಯ ಪಿಟೀಲು ಎನ್ನಿ. ಅದಕ್ಕೆ ಕಮಾನಿಲ್ಲ, ಹೊಟ್ಟೆಯ ನಡುವೆ ಒಂದು ಮರದ ಗಾಲಿ, ತುದಿಯಲ್ಲಿ ಹಿಡಿಕೆ. ಹಿಡಿಕೆ ತಿರುಗಿಸಿದರೆ ಗಾಲಿಯ ಅಂಚು ತಂತಿಗಳನ್ನು ಉಜ್ಜುತ್ತದೆ. ಎಡಗೈ ಬೆರಳಿಗೆ ಹಾರ್ಮೋನಿಯಂ ತರಹದ ಮನೆಗಳು. ಒತ್ತಿದರೆ ಸ್ವರ ಬದಲಾಗುತ್ತದೆ. ಪಕ್ಕದ ತಂತಿಗಳು ತಂಬೂರಿಯಂತೆ ಸುಮ್ಮನೆ ಶ್ರುತಿ ಹಿಡಿಯುತ್ತವೆ. ಅದರಲ್ಲಿ ಒಂದು ತಂತಿಯ ಕೆಳಗೆ ಬೆರಳುಗುರಿನಷ್ಟು ಸಣ್ಣ ಮರದ ತುಂಡು ಸಡಿಲವಾಗಿ ಕೂತಿರುತ್ತದೆ. ಕೈಯನ್ನು ಝಾಡಿಸಿ ತಿರುಗಿಸಿದಾಗ ಅದು ನಡುಗಿ ಗರ್ರ್ ಎನ್ನಬೇಕು. ಅವರ ದೇಶದಲ್ಲಿ ಆ ತುಂಡಿಗೆ ನಾಯಿ ಎಂದೇ ಹೆಸರು. ನಮ್ಮ ತಂಬೂರಿಯ ಮೇಲೆ ಕುದುರೆ ನಿಲ್ಲಬಹುದಾದರೆ ಅವರ ಪಿಟೀಲಿನಲ್ಲಿ ನಾಯಿ ಕೂತರೆ ತಪ್ಪೇನು?

ಆ ತಂತಿಯನ್ನು ಪಕ್ಕಕ್ಕೆ ಎಳೆದು ಹಿಡಿಯಲು ಒಂದು ನೂಲು ಕಟ್ಟಿದ್ದರು, ಅದು ಸಡಿಲಾಗಿತ್ತು. ಇದು ಜೀವಾಳದ ಅಣ್ಣ ಎಂದು ನನಗೆ ತಟ್ಟನೆ ಹೊಳೆಯಿತು. ನೂಲನ್ನು ಕೂದಲೆಳೆಯಷ್ಟು ಬಿಗಿ ಮಾಡಿ ತಿರುಗಿಸಲು ಹೇಳಿದೆ. ಗರ್ರ್! ನಾಯಿ ಬೊಗಳಿತು. ಓದೀಲ್ ಕುಣಿದಾಡಿದಳು. ಬಸನಗೌಡ್ರು ಬೈಯುವುದನ್ನು ನಿಲ್ಲಿಸಿ, "ಹುಲುಗಪ್ಪಾ, ಶ್ರುತಿ ಮಸ್ತ್ ಐತಲೇ! ನಾಳೆ ಸಂಜೀಕ ಈ ಅಮ್ಮಾರ ನಮ್ಮ ಭಜನಿಗೆ ಬರ್ಲಿ. ಹಾರ್ಮೋನಿಯಂ ಈಗ ಬ್ಯಾಡ, ನೀನ ಇಟ್ಕೋ," ಎಂದರು. ಖಾಜಾ ಅದೇನು ಹೇಳಿದನೋ, ಆಕೆ ಕೂಡಲೇ ಒಪ್ಪಿದಳು.

ಇಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಇಂದು ಮಹಾ ವಿದ್ವಾಂಸನಾಗಿ ನಿವೃತ್ತನಾಗಿರುತ್ತಿದ್ದೆ. ಹೊಗಳಿಕೆ ತಲೆಗೇರಿತು. "ಇಲ್ಲೇ ಬಿಟ್ಟು ಹೋಗ್ರಿ, ಸರ್ವೀಸ್ ಮಾಡಿ ಇಡ್ತೀನಿ," ಎಂದೆ. ಆಕೆ ಅನುಮಾನಿಸಿದಳು; ಕೊನೆಗೆ ಬಿಟ್ಟು ಹೋಗುವಾಗ ಗಾಲಿ ತೋರಿಸಿ, "ನೋ ಟಚ್, ನೋ ಟಚ್" ಎಂದಳು. "ಗಾಲಿಗೆ ಟಚಪ್ ಮಾಡ್ಬೇಕಂತ್ರೀ," ಎಂದು ಖಾಜಾ ತರ್ಜುಮೆ ಮಾಡಿದ.

ಅಂದು ಸಂಜೆ ಮುಚ್ಚಳ ತೆಗೆದು ನೋಡಿದರೆ ನನಗೆ ಮರುಕವೇ ಆಯಿತು. ಎಂಥ ವಾದ್ಯ, ಎಂಥ ಗಲೀಜು! ಗಾಲಿ ತಾಗುವ ಕಡೆ ಪ್ರತಿ ತಂತಿಗೂ ಹತ್ತಿ ಮೆತ್ತಿಕೊಂಡಿತ್ತು. ಗಾಲಿಯ ಅಂಚಿಗೆ ಏನೋ ಜಿಗುಟು. ಫ್ರಾನ್ಸಿನಲ್ಲೂ ಇಲಿಗಳಿವೆ ಎಂದುಕೊಂಡು ಚಿಮಟ ಹಿಡಿದು ಹತ್ತಿಯನ್ನು ಎಳೆಎಳೆಯಾಗಿ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಜಿಗುಟನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಸಾವ್ಕಾರ್ರು ಹಿಂದಿನಿಂದ ಬಗ್ಗಿ ನೋಡಿ, "ತಿರಗೋದಕ್ಕ?" ಎಂದರು. "ಎಣ್ಣಿ," ಎಂದೆ ಶಾಲೆ ಹುಡುಗನಂತೆ. ಹೊಲಿಗೆ ಮಷಿನ್ನಿನ ಎಣ್ಣೆಯನ್ನು ಗಾಲಿಯ ಅಂಚಿಗೆ ಸುತ್ತಲೂ ಬಿಟ್ಟೆ. ಆಹಾ, ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುಗಿತು!

ತಿರುಗಿತು. ಸದ್ದು ಮಾತ್ರ ಬರಲಿಲ್ಲ.

ಇನ್ನೊಂದು ಸಲ ತಿರುಗಿಸಿದೆ. ಜೋರಾಗಿ ತಿರುಗಿಸಿದೆ. ನಿಧಾನವಾಗಿ, ದೇವರ ಹೆಸರು ಹೇಳಿ ತಿರುಗಿಸಿದೆ. ಗಾಲಿ ತಂತಿಯ ಕೆಳಗೆ ಜಾರಿಕೊಂಡು ಹೋಗುತ್ತಿತ್ತು, ಅಷ್ಟೇ. ಪಿಟೀಲಿನ ಕಮಾನಿಗೆ ಎಣ್ಣೆ ಹಚ್ಚುವವನನ್ನು ನಾನೇ ಕಪಾಳಕ್ಕೆ ಹೊಡೆಯುತ್ತಿದ್ದೆ. ಕಮಾನಿಗೆ ಬೇಕಾದ್ದು ರಾಳ, ಹಿಡಿತ. ಈ ಗಾಲಿಯೇ ಕಮಾನು ಎಂದು ಕೆಲವೇ ಗಂಟೆ ಮುಂಚೆ ನಾನೇ ಖಾಜಾನಿಗೆ ವಿವರಿಸಿದ್ದೆನಲ್ಲ! ತಿರುಗುವುದು ಕಂಡೊಡನೆ ಬುದ್ಧಿ ಎಣ್ಣೆ ಬಾಟಲಿಗೆ ಹೋಯಿತು. ಮೂವತ್ತೇಳು ವರ್ಷದ ಅಭ್ಯಾಸ.

ಮರುದಿನ ಹತ್ತು ಗಂಟೆಗೆ ಆಕೆ ಬರುವವಳು. ಸಾವ್ಕಾರ್ರು ಉಪಾಯ ಹೇಳಿಕೊಟ್ಟರು: "ಹಂಪಿ ಬಿಸ್ಲಿಗೆ ಗಂಟ್ಲು ಕಟ್ಟೈತಿ ಅನ್ನು. ಫಾರಿನ್ ಮಾಲು, ನಮ್ಮ ಹವಾ ಒಗ್ಗಿಲ್ಲ ಅನ್ನು." ಖಾಜಾನ ಟಚಪ್ಪಿನ ಮೇಲೆ ಹಾಕುವ ದಾರಿಯೂ ಇತ್ತು. ಹೊಸದಾಗಿ ಕೆಲಸಕ್ಕೆ ಸೇರುವವರೇ, ಈ ಗಳಿಗೆ ನಿಮಗೂ ಬರುತ್ತದೆ. ಸುಳ್ಳು ಬಾಯಿಗೆ ಬಂದು ಕೂತಿರುತ್ತದೆ. ನನಗೂ ಬಂದಿತ್ತು. ಆದರೆ ಆಕೆ ಬಂದವಳೇ ತನ್ನ ಮೊಬೈಲಿನಲ್ಲಿ ಒಂದು ಹಳೆಯ ಫೋಟೋ ತೋರಿಸಿದಳು. ಒಬ್ಬ ಮೀಸೆಯ ಮುದುಕ, ಅದೇ ವಾದ್ಯ ತೊಡೆಯ ಮೇಲೆ, ಸುತ್ತ ಮದುವೆ ಜನ. ಆಕೆಯ ಅಜ್ಜ. ನಾಯಿ ಬೊಗಳಿಸಿಕೊಟ್ಟವನಿಗೆ ತೋರಿಸೋಣ ಎಂದು ರಾತ್ರಿಯೆಲ್ಲ ಹುಡುಕಿ ತೆಗೆದಿದ್ದಳಂತೆ.

ನಾನು ಎಣ್ಣೆ ಬಾಟಲಿ ತೋರಿಸಿದೆ. ಗಾಲಿ ತೋರಿಸಿದೆ. ಕಸದ ಬುಟ್ಟಿ ತೋರಿಸಿದೆ. ಕೊನೆಗೆ ನನ್ನ ಎದೆ ಮುಟ್ಟಿಕೊಂಡೆ. ಖಾಜಾನ ತರ್ಜುಮೆ ಬೇಕಾಗಲಿಲ್ಲ.

ಆಕೆ ಸ್ಟೂಲಿನ ಮೇಲೆ ಕೂತುಬಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಜ್ಜನ ಗಂಟಲು ಹಿಸುಕಿದವನಂತೆ ನಾನು ನಿಂತಿದ್ದೆ. ಕೆಲಸದಲ್ಲಿ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಆಮೇಲೆ ಆಕೆ ಎದ್ದು ತೋಳು ಮಡಚಿದಳು. "ಸ್ಪಿರಿಟ್," ಎಂದಳು. ಪಾಲಿಶಿನ ಸ್ಪಿರಿಟ್ ಕೊಟ್ಟೆ. ಗಾಲಿಯನ್ನು ಒರೆಸುವುದು, ಆರಲು ಬಿಡುವುದು, ಮತ್ತೆ ಒರೆಸುವುದು. ಮರ ಕುಡಿದ ಎಣ್ಣೆ ಹೊರಗೆ ಬರಲು ಹೊತ್ತು ಹಿಡಿಯುತ್ತದೆ.

ಆರುವ ತನಕ ಸುಮ್ಮನೆ ಕೂರಬೇಕಲ್ಲ, ಆಕೆ ಮೊಬೈಲಿನಲ್ಲಿ ಚಿತ್ರ ತೋರಿಸುತ್ತ, ತುಂಡು ಇಂಗ್ಲಿಷಿನಲ್ಲಿ ಅದರ ಪುರಾಣ ಹೇಳಿದಳು. ಮೊದಮೊದಲು ಅದು ಅವರ ಮಠಗಳಲ್ಲಿತ್ತಂತೆ. ಆಗ ಎಷ್ಟು ಉದ್ದ ಎಂದರೆ ಇಬ್ಬರು ಸನ್ಯಾಸಿಗಳ ತೊಡೆಗೆ ಅಡ್ಡ ಹಾಕಿ, ಒಬ್ಬ ತಿರುಗಿಸಿದರೆ ಇನ್ನೊಬ್ಬ ಸ್ವರ ಒತ್ತುವುದು. ಆಮೇಲೆ ಸಣ್ಣದಾಗಿ ಬೀದಿಗೆ ಬಂತು. ಕುರುಡರು, ಭಿಕ್ಷುಕರು ಬಾರಿಸಿಕೊಂಡು ತಿರುಗಿದರು. ಹಾಗಿರುವಾಗ ಅರಮನೆಯ ಹೆಂಗಸರಿಗೆ ಅದರ ಹುಚ್ಚು ಹಿಡಿದು ದಂತದ ಕುಸುರಿ, ರೇಷ್ಮೆ ಪಟ್ಟಿ ಎಲ್ಲ ಬಂದವು. ಹುಚ್ಚು ಇಳಿಯಿತು, ಅರಮನೆಗಳೂ ಇಳಿದವು, ವಾದ್ಯ ಹಳ್ಳಿಯ ಮದುವೆಗಳಲ್ಲಿ ಉಳಿಯಿತು. ಇಷ್ಟು ಶತಮಾನ ರಾಜರನ್ನೂ ತಿರುಕರನ್ನೂ ತಾಳಿಕೊಂಡು ಬಂದದ್ದು ಹೊಸಪೇಟೆಯ ಹುಲುಗಪ್ಪನ ಕೈಯಲ್ಲಿ ಒಂದು ಸಂಜೆ ತಾಳಲಿಲ್ಲ ಎಂದು ನಾನು ಮನಸ್ಸಿನಲ್ಲೇ ಸೇರಿಸಿಕೊಂಡೆ.

ಗಾಲಿ ಆರಿತು. ಪಿಟೀಲಿನ ರಾಳ ಉಜ್ಜಿದೆವು. ಇನ್ನು ತಂತಿಗೆ ಹತ್ತಿ. ಹತ್ತಿ ಇಲ್ಲದಿದ್ದರೆ ಗಾಲಿ ತಂತಿಯನ್ನು ಕೆರೆಯುತ್ತದೆ, ನುಡಿಸುವುದಿಲ್ಲ. ಔಷಧಿ ಅಂಗಡಿಯ ಹತ್ತಿ ತಂದು ಸುತ್ತಿದೆವು. ಅದು ಗಂಟುಗಂಟಾಗಿ ನಿಂತು, ಬೆಕ್ಕಿನ ಬಾಲ ತುಳಿದಂಥ ಸದ್ದು ಬಂತು. ತೆಗೆದು ಮತ್ತೆ ಸುತ್ತಿದೆವು. ಈ ಸಲ ಎಮ್ಮೆ. ಮಧ್ಯಾಹ್ನ ಮೂರಾಯಿತು. ಐದಕ್ಕೆ ಗಾದಿಗನೂರಿಗೆ ಹೊರಡಬೇಕು.

ಆಗ ನನಗೆ ಮನೆಯ ನೆನಪಾಯಿತು. ನನ್ನ ಹೆಂಡತಿ ಗಂಗಮ್ಮ ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಾಳೆ. ಬೀಜ ಬಿಡಿಸಿದ ಮನೆಹತ್ತಿಯನ್ನು ಬೆರಳಲ್ಲಿ ಹಿಂಜಿ ಎಳೆದರೆ ಜೇಡನ ನೂಲಿನಂತೆ ಬರುತ್ತದೆ. ಕಾರ್ತಿಕದಲ್ಲಂತೂ ಓಣಿಗೆಲ್ಲ ಅವಳದೇ ಬತ್ತಿ. ಖಾಜಾನನ್ನು ಓಡಿಸಿದೆ. ಈ ಸಲ ಅವನು ದಾರಿ ತಪ್ಪಲಿಲ್ಲ.

ಗಂಗಮ್ಮ ಸೆರಗಿನಲ್ಲಿ ಹತ್ತಿಯ ಗಂಟು ಕಟ್ಟಿಕೊಂಡು ಬಂದು ವಾದ್ಯ ನೋಡಿದಳು. "ಇದೇನ್ರೀ, ಶಾವಿಗಿ ಮಷಿನ್ನಿಗೆ ತಂತಿ ಬಿಗದಾರ?" ಎಂದಳು. ಆಮೇಲೆ ನನ್ನ ಮುಖ ನೋಡಿ, "ನೀವೇನೋ ಮಾಡೀರಿ," ಎಂದಳು. ಎಣ್ಣೆ, ಹತ್ತಿ, ಎರಡನ್ನೂ ಹೇಳಿದೆ. ಅವಳು ಮತ್ತೇನೂ ಕೇಳದೆ ಓದೀಲಳ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ಆಕೆ ಫ್ರೆಂಚಿನಲ್ಲಿ ಏನೋ ಅಂದಳು. ಈಕೆ "ಹೂಂ, ತೆಳ್ಳಗ ಅಲ್ಲೇನು? ಮಾಡೋಣಂತ" ಅಂದಳು. ನಡುವೆ ಖಾಜಾ ಬಾಯಿ ಹಾಕದ್ದರಿಂದ ಇಬ್ಬರಿಗೂ ಎಲ್ಲವೂ ಸರಿಯಾಗಿ ಅರ್ಥವಾಯಿತು.

ಗಂಗಮ್ಮ ಹತ್ತಿಯನ್ನು ಮಂಜಿನಷ್ಟು ತೆಳ್ಳಗೆ ಎಳೆದು ತಂತಿಗೆ ತಾಗಿಸಿದಳು. ಓದೀಲ್ ಹಿಡಿಕೆ ತಿರುಗಿಸಿದಂತೆ ಗಾಲಿಯೇ ಅದನ್ನು ಎಳೆದುಕೊಂಡು ಸುತ್ತಿತು. ಒಂದು ತಂತಿ. ಎರಡು. ಮೂರನೆಯದಕ್ಕೆ ಸ್ವಲ್ಪ ಹೆಚ್ಚಾಯಿತೆಂದು ಗಂಗಮ್ಮ ತಾನೇ ಎಳೆ ಕಿತ್ತಳು. ಓದೀಲ್ ಕಣ್ಣು ಮುಚ್ಚಿ ಕೈ ತಿರುಗಿಸಿದಳು.

ಬಂತು. ತುಂಬಿದ ಮನೆಯಂಥ ಶ್ರುತಿ, ಅದರ ಮೇಲೆ ಒಂದು ಹಳೆಯ ಕುಣಿತದ ಹಾಡು, ಕೊನೆಗೆ ಗರ್ರ್ ಎಂದು ನಾಯಿ. ಓದೀಲ್ ಅತ್ತಳು. ನಾನು ರಾಳದ ಡಬ್ಬಿ ಹುಡುಕುವ ನೆಪ ಮಾಡಿ ಮೇಜಿನ ಕೆಳಗೆ ಬಗ್ಗಿದೆ. ಸಾವ್ಕಾರ್ರು, "ನಾ ಹೇಳಿದ್ನಲ್ಲ, ಬಿಸ್ಲು ಇಳಿದ ಮ್ಯಾಲ ಬರ್ತೈತಿ ಅಂತ," ಎಂದರು.

ಗಾದಿಗನೂರಿನ ಮಠದಲ್ಲಿ ಭಜನೆ ರಂಗೇರಿತು. ತಾಳದವರು ಮೊದಲು ಆ ಯಂತ್ರವನ್ನು ಅನುಮಾನದಿಂದ ನೋಡಿದರು. ಎರಡನೇ ಪದದ ಹೊತ್ತಿಗೆ ಅದು ಇಲ್ಲೇ ಹುಟ್ಟಿದ್ದೇನೋ ಎಂಬಂತೆ ಒಪ್ಪಿಕೊಂಡರು. ಓದೀಲ್ ನಾಯಿ ಬೊಗಳಿಸಿದಾಗಲೆಲ್ಲ ಹೊರಗಿನ ಊರ ನಾಯಿಗಳು ಎದ್ದು ಉತ್ತರ ಕೊಟ್ಟವು. ಮಂಗಳಾರತಿಗೆ ಮುಂಚೆ ಬಸನಗೌಡ್ರು ಎದ್ದು ನಿಂತು, ಇಂಥ ವಾದ್ಯಕ್ಕೆ ಜೀವ ಕೊಟ್ಟ ಹುಲುಗಪ್ಪ ಮೇಸ್ತ್ರಿಗೆ ಮಂಡಳಿಯಿಂದ ಶಾಲು ಎಂದು ಘೋಷಿಸಿಬಿಟ್ಟರು. ಮೂವತ್ತೇಳು ವರ್ಷದಲ್ಲಿ ನನಗೆ ಬಂದ ಮೊದಲ ಶಾಲು. ಹೆಗಲಿಗೆ ಬಿತ್ತು. ಮೆತ್ತಗಿತ್ತು. ಕೈಗೆ ಬಾಳೆಹಣ್ಣಿನ ಚಿಪ್ಪೂ ಬಂತು. ಜನ ಚಪ್ಪಾಳೆ ಹೊಡೆದರು. ಎದುರಿಗೆ ಹೆಂಗಸರ ಸಾಲಿನಲ್ಲಿ ಗಂಗಮ್ಮ ಕೂತಿದ್ದಳು, ಬೆರಳಿಗೆ ಇನ್ನೂ ಹತ್ತಿ ಅಂಟಿತ್ತು. ಅವಳೂ ಚಪ್ಪಾಳೆ ಹೊಡೆಯುತ್ತಿದ್ದಳು. ಅದೇ ನನಗೆ ತಡೆಯಲಾಗಲಿಲ್ಲ.

"ಗೌಡ್ರೇ, ತಡೀರಿ," ಎಂದೆ. "ಇದಕ್ಕ ಎಣ್ಣಿ ಬಿಟ್ಟು ಕೆಡಿಸಿದಾವ ನಾನು. ಸರಿ ಮಾಡಿದಾಕಿ ಅಲ್ಲಿ ಕುಂತಾಳ ನೋಡ್ರಿ, ನಮ್ಮ ಮನಿಯಾಕಿ."

ಬಸನಗೌಡ್ರು ಒಂದು ಕ್ಷಣ ಯೋಚಿಸಿ, ನನ್ನ ಹೆಗಲಿಂದ ಶಾಲು ಎಳೆದುಕೊಂಡರು. "ಕೆಡಿಸಿದ್ದಕ್ಕ ಶಾಲು ಹೊದಿಸೋ ಪದ್ಧತಿ ನಮ್ಮೂರಾಗ ಇಲ್ಲಪ," ಎಂದು ಅದನ್ನು ಓದೀಲಳ ಕೈಗೆ ಕೊಟ್ಟರು. ಆಕೆ ಹೋಗಿ ಗಂಗಮ್ಮನಿಗೆ ಹೊದಿಸಿದಳು. ಈ ಸಲದ ಚಪ್ಪಾಳೆ ಜೋರಾಗಿತ್ತು. ಬಾಳೆಹಣ್ಣುಗಳನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ.

ಓದೀಲಳನ್ನು ಬೇರೆ ಗಾಡಿಯಲ್ಲಿ ಹಂಪಿಗೆ ಕಳಿಸಿ, ನಾವಿಬ್ಬರೂ ಖಾಜಾನ ಆಟೋದಲ್ಲಿ ಚಿತ್ತವಾಡ್ಗಿಗೆ ಹೊರಟೆವು. ಕಾರ್ತಿಕದ ಚಳಿಗಾಳಿ ಎರಡೂ ಕಡೆಯಿಂದ ಹೊಡೆಯುತ್ತಿತ್ತು. ಗಂಗಮ್ಮ ಶಾಲು ಹೊದ್ದು ಬೆಚ್ಚಗೆ ಕೂತಿದ್ದಳು, ನಾನು ಬಾಳೆಹಣ್ಣು ಹಿಡಿದು ಗಡಗಡ ನಡುಗುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವಳು ಶಾಲಿನ ಒಂದು ಸೆರಗು ಬಿಡಿಸಿ ನನ್ನ ಮೊಣಕಾಲ ಮೇಲೆ ಎಳೆದಳು. ನಾನು ಇನ್ನಷ್ಟು ಎಳೆದುಕೊಳ್ಳಲು ಹೋದೆ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ಮಂದಿ ಮುಂದ ಎಣ್ಣಿದು ಹೇಳಿದ್ರಿ," ಎಂದಳು. "ಹತ್ತಿ ಕಿತ್ತಿದ್ದು ಹೇಳಲಿಲ್ಲ. ಅರ್ಧಾನ ಹೊದಕೋರಿ."